ಬೆಳ್ಳಿಬಣ್ಣದ ಕೆಳಗೆ



ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಹಾನಗಲ್ಲಿನಲ್ಲಿ ಮೋಟಾರು ಸೈಕಲ್ಲಿನ ಪ್ಲಾಸ್ಟಿಕ್ ಭಾಗಗಳಿಗೆ ಕ್ರೋಮಿನ ಹೊಳಪು ಕೊಡುವ ಕಾಯಕದಲ್ಲಿ ನಿರತನಾಗಿದ್ದಾನೆ. ಒಂದು ಸಂಜೆ ಅವನ ಅಂಗಡಿಯಲ್ಲಿ ಕುಳಿತು ಆ ಕೆಲಸವನ್ನು ನೋಡುವ ಪ್ರಸಂಗ ಒದಗಿತು.

ಬೆಳ್ಳಿಯಂತೆ ಹೊಳೆಯಬೇಕಾದ ವಸ್ತುವಿಗೆ ಅವನು ಮೊದಲು ಬೆಳ್ಳಿಬಣ್ಣವನ್ನು ಮುಟ್ಟಿಸುವುದೇ ಇಲ್ಲ. ಸಾಬೂನಿನ ನೀರಿನಿಂದ ಜಿಡ್ಡನ್ನು ತೊಳೆದು, 1000 ಸಂಖ್ಯೆಯ ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಗೀರುಗಳು ಅಳಿಯುವವರೆಗೆ ಉಜ್ಜುತ್ತಾನೆ. ಅನಂತರ ಪ್ರೈಮರ್, ಅದರ ಮೇಲೆ ಕನ್ನಡಿಯಂತೆ ಮಿನುಗುವ ಕಪ್ಪು. ಆ ಕಪ್ಪು ಪೂರ್ತಿ ಒಣಗಿದ ಮೇಲೆಯೇ ಕ್ರೋಮು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಸಿಂಪಡಿಸುತ್ತಾನೆ. ದಪ್ಪವಾದರೆ ಹೊಳಪು ಹೋಗಿ ಬೂದುಬಣ್ಣ ಉಳಿಯುತ್ತದೆ. ಬಣ್ಣದ ಬದಲು ಬೇಗಡೆಯಂತಹ ಹಾಳೆಯನ್ನು ಅಂಟಿಸಿದರೂ ನಿಯಮ ಅದೇ. ಕೆಳಗುಳಿದ ಧೂಳಿನ ಕಣವೊಂದೂ ಗುಳ್ಳೆಯಾಗಿ ಎದ್ದು ಕಾಣುತ್ತದೆ.

ಅಷ್ಟರಲ್ಲಿ ಗಿರಾಕಿಯೊಬ್ಬನು ಒಡೆದ ದೀಪದ ಕವಚವನ್ನು ತಂದು, "ಬಿರುಕು ಕಾಣದಂತೆ ಬಣ್ಣ ಹೊಡೆದುಕೊಡು, ನಾಳೆ ಗಾಡಿ ಮಾರಬೇಕು" ಎಂದನು. ಹುಡುಗನು, "ಬಿರುಕು ಬೆಸೆಯದೆ ಬಣ್ಣ ಹಚ್ಚುವುದಿಲ್ಲ ಯಜಮಾನರೇ. ಹೊಳಪು ಬಂದಷ್ಟೂ ಬಿರುಕೇ ಮೊದಲು ಕಾಣುತ್ತದೆ" ಎಂದನು. ಗಿರಾಕಿ ಹೊರಟುಹೋದನು. ಅಂದಿನ ದುಡಿಮೆಯೂ ಹೋಯಿತು.

ಬಂಧುಗಳೇ, ಆ ಮಾತು ನನಗೇ ತಾಗಿತು. ಅಂದು ಮಧ್ಯಾಹ್ನ ತಪ್ಪು ಮಾಡದ ಬಾಲಕನೊಬ್ಬನನ್ನು ತರಗತಿಯ ಎದುರಿನಲ್ಲಿ ಗದರಿಸಿದ್ದೆನು. ತಪ್ಪು ನನ್ನದೆಂದು ತಿಳಿದ ಮೇಲೂ ಸುಮ್ಮನಿದ್ದು, ಸಂಜೆ ಮಿಂದು, ಹಣೆಯ ತುಂಬ ವಿಭೂತಿ ಧರಿಸಿ ಹೊರಟಿದ್ದೆನು. ವಿಭೂತಿಯಲ್ಲಿ ಕೊರತೆಯಿಲ್ಲ, ಅದರ ಕೆಳಗೆ ಬೆಸೆಯದ ಬಿರುಕೊಂದು ಇದ್ದಿತು.

ಅದೇ ಊರಿನ ತಾರಕೇಶ್ವರ ದೇವಾಲಯದ ಕಂಬಗಳನ್ನು ನೋಡಿರಿ. ಚಾಲುಕ್ಯರ ಕಾಲದ ಶಿಲ್ಪಿಗಳು ಅವುಗಳಿಗೆ ಯಾವ ಲೇಪವನ್ನೂ ಬಳಿಯಲಿಲ್ಲ. ಉಜ್ಜಿದ ಕಲ್ಲೇ ಹೊಳೆಯುತ್ತದೆ. ಕಲ್ಲು ಬೇರೆ, ಪ್ಲಾಸ್ಟಿಕ್ ಬೇರೆ. ಉಜ್ಜುವ ಶ್ರಮವು ಎರಡಕ್ಕೂ ಒಂದೇ. ಅಂತರಂಗಶುದ್ಧಿಯೆಂದು ಶರಣರು ಕರೆದುದು ಈ ಶ್ರಮವನ್ನೇ ಅಲ್ಲವೆ?

ಮರುದಿನ ಅದೇ ತರಗತಿಯ ಎದುರಿನಲ್ಲಿ ಆ ಬಾಲಕನ ಕ್ಷಮೆ ಬೇಡಿದೆನು. ಕೂಲಿಯವನಿಗೆ ಕೊಡದೆ ಉಳಿಸಿಕೊಂಡ ಹಣ, ತಕ್ಕಡಿಯ ಮೋಸ, ಮಾತು ಬಿಟ್ಟ ಒಡಹುಟ್ಟಿದವರು — ಪ್ರತಿ ಮನೆಯಲ್ಲಿಯೂ ಇಂತಹ ಒಂದು ಬಿರುಕು ಇದ್ದೀತು. ನಾಳೆ ಪೂಜೆಗೆ ಕುಳಿತುಕೊಳ್ಳುವ ಮುನ್ನ ಅದನ್ನು ಬೆಸೆಯೋಣ.