ಹೆಲ್ಮೆಟ್ ತೆಗೆದಾಗ ಕಂಡ ಮುಖ

ರಘು: ಅಕ್ಕಾ, 1950ರ ದಶಕದ ಅಮೆರಿಕದ ಬಾಹ್ಯಾಕಾಶ ಕಥೆಗಳನ್ನು ನೀವು ಧೈರ್ಯದ ಬರವಣಿಗೆ ಅನ್ನುತ್ತೀರಿ. ನಾನು ಒಪ್ಪುವುದಿಲ್ಲ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಬಸ್ಸಿನ ಹಿಂದಿನ ಸೀಟಿಗೆ ಅಟ್ಟುತ್ತಿದ್ದ ಕಾಲ ಅದು. ಕಣ್ಣೆದುರಿನ ಅನ್ಯಾಯವನ್ನು ಬೇರೆ ಗ್ರಹಕ್ಕೆ ಸಾಗಿಸಿ ಬರೆಯುವವನು ನುಣುಚಿಕೊಳ್ಳುತ್ತಿದ್ದಾನೆ. ಇದು ನಮ್ಮ ಮಾತಲ್ಲ ಎಂದು ಪುಸ್ತಕ ಮುಚ್ಚಿಡಲು ಓದುಗನಿಗೂ ದಾರಿ ಮಾಡಿಕೊಡುತ್ತಾನೆ.

ಶಾರದಾ: ಹಾಗೆ ನುಣುಚಿಕೊಂಡ ಕಥೆಗಳು ಬೇಕಾದಷ್ಟಿವೆ. ಆದರೆ 1953ರಲ್ಲಿ ಇಸಿ ಕಾಮಿಕ್ಸ್‌ನ ‘ವಿಯರ್ಡ್ ಫ್ಯಾಂಟಸಿ’ಯಲ್ಲಿ ಬಂದ ‘ಜಡ್ಜ್‌ಮೆಂಟ್ ಡೇ’ ನೋಡು. ಬರೆದವರು ಆಲ್ ಫೆಲ್ಡ್‌ಸ್ಟೈನ್, ಚಿತ್ರ ಜೋ ಒರ್ಲ್ಯಾಂಡೊ ಅವರದು. ಭೂಮಿಯಿಂದ ಟಾರ್ಲ್ಟನ್ ಎಂಬ ಪರಿವೀಕ್ಷಕ ರೋಬೋಟ್‌ಗಳ ಗ್ರಹಕ್ಕೆ ಹೋಗುತ್ತಾನೆ. ಗ್ಯಾಲಕ್ಸಿಯ ಗಣರಾಜ್ಯಕ್ಕೆ ಸೇರುವ ಅರ್ಹತೆ ಆ ಗ್ರಹಕ್ಕಿದೆಯೇ ಎಂದು ಅವನು ಹೇಳಬೇಕು. ಅಲ್ಲಿ ಆಳುವವು ಕಿತ್ತಳೆ ಬಣ್ಣದ ರೋಬೋಟ್‌ಗಳು. ನೀಲಿಯವಕ್ಕೆ ಬೇರೆ ಕೇರಿ, ಬಸ್ಸಿನಲ್ಲಿ ಹಿಂದಿನ ಸೀಟು. ಕಾರ್ಖಾನೆಗೆ ಹೋಗಿ ನೋಡಿದರೆ ಎರಡರ ಒಳಗೂ ಒಂದೇ ಯಂತ್ರ, ಹೊರಕವಚದ ಬಣ್ಣ ಮಾತ್ರ ಬೇರೆ. ಅರ್ಹತೆಯಿಲ್ಲವೆಂದು ತೀರ್ಪಿತ್ತು ಹೊರಟವನು ನೌಕೆಯಲ್ಲಿ ಹೆಲ್ಮೆಟ್ ತೆಗೆಯುತ್ತಾನೆ. ಕೊನೆಯ ಚೌಕದಲ್ಲಿರುವುದು ಒಬ್ಬ ಕಪ್ಪು ಮನುಷ್ಯ. ತನ್ನೂರಿನ ಬಸ್ಸಿನ ಬಗ್ಗೆ ಕೇಳಿದ್ದರೆ ಓದುಗ ತನ್ನವರ ಪಕ್ಷ ಹಿಡಿದೇ ಉತ್ತರಿಸುತ್ತಿದ್ದ. ಕಿತ್ತಳೆ, ನೀಲಿಯ ಜಗಳದಲ್ಲಿ ಅವನಿಗೆ ತನ್ನವರಿಲ್ಲ. ಹಾಗಾಗಿ ನ್ಯಾಯ ಯಾವುದೆಂದು ಸಲೀಸಾಗಿ ಹೇಳಿಬಿಡುತ್ತಾನೆ. ಹೆಲ್ಮೆಟ್ ತೆಗೆಯುವ ಹೊತ್ತಿಗೆ ಆ ಮಾತು ಅವನ ಬಾಯಿಂದ ಹೊರಟಾಗಿರುತ್ತದೆ.

ರಘು: ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಕಷ್ಟವೇ? ರೋಬೋಟ್‌ಗಳು ಒಂದೇ ಕಾರ್ಖಾನೆಯವು, ಮನುಷ್ಯರು ಹಾಗಲ್ಲ ಅಂದರಾಯಿತು. ಜೊತೆಗೆ, ಪರೀಕ್ಷಕ ಭೂಮಿಯವನು, ಪರೀಕ್ಷೆಗೆ ಕೂತದ್ದು ಹಿಂದುಳಿದ ಗ್ರಹ. ಇದು ಸಾಮ್ರಾಜ್ಯಗಳ ಹಳೆಯ ಗತ್ತು. 1934ರಲ್ಲಿ ಶುರುವಾದ ‘ಫ್ಲ್ಯಾಶ್ ಗಾರ್ಡನ್’ನ ಖಳ ಮಿಂಗ್‌ಗೆ ಏಷ್ಯಾದವರ ಮುಖವನ್ನೇ ಅಂಟಿಸಿದರಲ್ಲ!

ಶಾರದಾ: ಮಿಂಗ್ ವಿಷಯದಲ್ಲಿ ನೀನು ಹೇಳುವುದು ಸರಿ. ಬೇರೆ ಗ್ರಹಕ್ಕೆ ಹೋದ ಮಾತ್ರಕ್ಕೆ ಯಾರೂ ನ್ಯಾಯವಂತರಾಗುವುದಿಲ್ಲ. ಅಲ್ಲಿ ಓದುಗ ತನ್ನ ದ್ವೇಷವನ್ನು ಹೊತ್ತುಕೊಂಡು ಹೋಗಿ ಹಾಗೇ ವಾಪಸು ತರುತ್ತಾನೆ. ಆದರೆ ಟಾರ್ಲ್ಟನ್ ಜೊತೆ ಪರೀಕ್ಷಕನ ಗತ್ತಿನಲ್ಲಿ ಹೊರಟವನಿಗೆ, ತಾನಿರುವುದು ಪರೀಕ್ಷೆಯಲ್ಲಿ ಸೋತ ಗ್ರಹದಲ್ಲಿ ಎಂದು ಕೊನೆಗೆ ಗೊತ್ತಾಗುತ್ತದೆ. 1953ರ ಅಮೆರಿಕ ಆ ಕಥೆಯ ಭೂಮಿಯನ್ನಲ್ಲ, ಕಿತ್ತಳೆಯವರ ನಗರವನ್ನು ಹೋಲುತ್ತಿತ್ತು. ಮನುಷ್ಯರು ಒಂದೇ ಕಾರ್ಖಾನೆಯವರಲ್ಲ ಅನ್ನುವವನು ಆ ವ್ಯತ್ಯಾಸವನ್ನು ತಾನೇ ತೋರಿಸಿಕೊಡಬೇಕು. ಅಲ್ಲಿಯವರೆಗೆ ಅದನ್ನು ತೋರಿಸು ಎಂದು ಅವನನ್ನು ಕೇಳಿದವರು ಕಡಿಮೆ. ಇನ್ನು ನೇರವಾಗಿ ಬರೆಯುವ ಮಾತು. ಎಮೆಟ್ ಟಿಲ್ ಎಂಬ ಕಪ್ಪು ಹುಡುಗನ ಕೊಲೆಯನ್ನು ಮನಸ್ಸಿನಲ್ಲಿಟ್ಟು ರಾಡ್ ಸರ್ಲಿಂಗ್ ಟಿವಿಗೆ ಬರೆದ ನಾಟಕವನ್ನು 1956ರಲ್ಲಿ ಗುರುತು ಸಿಗದಷ್ಟು ತಿದ್ದಿಸಿದರು. ಅದೇ ಸರ್ಲಿಂಗ್ 1959ರಲ್ಲಿ ‘ದಿ ಟ್ವಿಲೈಟ್ ಝೋನ್’ ಶುರುಮಾಡಿ, ನೆರೆಹೊರೆಯವರ ಮೇಲಿನ ಸಂಶಯವನ್ನೂ ದ್ವೇಷವನ್ನೂ ಅನ್ಯಗ್ರಹದವರ ನೆಪದಲ್ಲಿ ಮನೆಮನೆಗೆ ತಲುಪಿಸಿದರು.

ರಘು: ಆದರೆ ವೇಷ ಹಾಕಿ ಹೇಳಿದ್ದು ಜನರಿಗೆ ಅರ್ಥವಾಯಿತೆಂದು ಏನು ಖಾತ್ರಿ?

ಶಾರದಾ: ತಡೆಯಲು ಬಂದವರಿಗೆ ಚೆನ್ನಾಗಿ ಅರ್ಥವಾಗಿತ್ತು. 1954ರಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡು ತಂದುಕೊಂಡರು. ಅದರ ಮುಖ್ಯಸ್ಥ ಚಾರ್ಲ್ಸ್ ಮರ್ಫಿ. ಇಸಿಯವರು ಈ ಕಥೆಯನ್ನು ಮರುಮುದ್ರಿಸಲು ಹೊರಟಾಗ, ಗಗನಯಾತ್ರಿ ಕಪ್ಪಗಿರಕೂಡದು ಎಂದು ಅವರು ಪಟ್ಟು ಹಿಡಿದರೆಂದು ಫೆಲ್ಡ್‌ಸ್ಟೈನ್ ನೆನಪಿಸಿಕೊಂಡಿದ್ದಾರೆ. ಒಪ್ಪದಿದ್ದಾಗ, ಮುಖದ ಮೇಲಿನ ಬೆವರ ಹನಿಗಳನ್ನಾದರೂ ಅಳಿಸಿ ಎಂದರಂತೆ. ರೋಬೋಟ್‌ಗಳ ಬಗ್ಗೆ ಅವರಿಗೆ ತಕರಾರಿರಲಿಲ್ಲ ನೋಡು. ತಕರಾರಿದ್ದದ್ದು ಆ ಒಂದು ಮುಖದ ಬಗ್ಗೆ. ಪ್ರಕಾಶಕ ಬಿಲ್ ಗೇನ್ಸ್ ಒಂದು ಹನಿಯನ್ನೂ ಅಳಿಸದೆ 1956ರಲ್ಲಿ ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ನ 33ನೇ ಸಂಚಿಕೆಯಲ್ಲಿ ಅದನ್ನು ಅಚ್ಚು ಹಾಕಿಸಿದರು. ಇಸಿ ಹೊರತಂದ ಕೊನೆಯ ಕಾಮಿಕ್ಸ್ ಪುಸ್ತಕ ಅದು.