ಮಾಡಿದವನ ಕರ್ಮ

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇರುವ ರಾಜಗೋಪಾಲನಗರದ ಬಾಡಿಗೆ ಮನೆಗಳಿಂದ ದಿನಾ ಬೆಳಿಗ್ಗೆ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೊರಡುತ್ತಾರೆ. ಅಂಥ ಒಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ನಡೆದರೆ, ಕಾನೂನು ನೆನಪಾಗುವ ಮೊದಲೇ ಬಾಯಿಗೆ ಬರುವ ಮಾತೊಂದಿದೆ: "ಯಾವ ಜನ್ಮದ ಪಾಪವೋ." ಪಕ್ಕದ ಮನೆಯವರ ಸಮಾಧಾನವೂ ಅದೇ: "ಕರ್ಮ ಕಣಮ್ಮ, ಅನುಭವಿಸ್ಬೇಕು."

ಕರ್ಮತತ್ತ್ವ ನಿಜವಾಗಿ ಹೀಗೆ ಹೇಳುತ್ತದೆಯೇ? ಬೇಕೆಂದು ಮಾಡಿದ ಕೆಲಸಕ್ಕೆ ಮಾಡಿದವನೇ ಹೊಣೆ ಎಂಬುದು ಅದರ ತಿರುಳು. ಬೌದ್ಧ ಗ್ರಂಥವಾದ ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎನ್ನುವವರಿದ್ದಾರಲ್ಲ? ಬುದ್ಧ ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಈ ಮೂರೂ ಕೂಡಿ ಕೆಡುವುದು, ಋತು ಬದಲಾಗುವುದು, ಮೈಮರೆವು, ಹೊರಗಿನ ಹಲ್ಲೆ, ಕರ್ಮ ಎಂದು ಎಂಟು ಕಾರಣ ಹೇಳುತ್ತಾನೆ. ಹಲ್ಲೆ ಅಲ್ಲಿ ಕರ್ಮದಿಂದ ಬೇರೆಯೇ. ಎಲ್ಲ ದರ್ಶನಗಳೂ ಇಷ್ಟು ದೂರ ಬರುವುದಿಲ್ಲ, ಪ್ರಾರಬ್ಧವನ್ನು ಬಿಡದವು ಹಲವು. ಆದರೆ ಅವೂ ಹಲ್ಲೆ ಮಾಡಿದವನ ಪಾಪವನ್ನು ಮನ್ನಾ ಮಾಡುವುದಿಲ್ಲ. ಅವಳ ಪೂರ್ವಜನ್ಮವನ್ನು ಕೆದಕುವ ನಾವು ಅವನ ಈ ಜನ್ಮದ ಕೃತ್ಯವನ್ನೇ ಮರೆಯುತ್ತೇವೆ.

ಆದರೂ ಅವಳು ತಪ್ಪನ್ನು ತನ್ನ ತಲೆಗೇ ಏಕೆ ಕಟ್ಟಿಕೊಳ್ಳುತ್ತಾಳೆ? ಕಾರಣವೇ ಇಲ್ಲದ ಲೋಕದಲ್ಲಿ ಬದುಕುವುದು ಅಷ್ಟು ಭಯಂಕರ. ನನ್ನ ತಪ್ಪು ಎಂದುಕೊಂಡರೆ, ತಿದ್ದಿಕೊಂಡಾದರೂ ಪಾರಾಗಬಹುದೆಂಬ ಆಸೆ ಉಳಿಯುತ್ತದೆ. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಸೂಸನ್ ಬ್ರೈಸನ್ 1990ರಲ್ಲಿ ಫ್ರಾನ್ಸ್‌ನಲ್ಲಿ ಅತ್ಯಾಚಾರಕ್ಕೂ ಕೊಲೆಯತ್ನಕ್ಕೂ ಗುರಿಯಾಗಿ ಬದುಕುಳಿದವರು. 2002ರಲ್ಲಿ ಬಂದ 'ಆಫ್ಟರ್‌ಮ್ಯಾತ್' ಪುಸ್ತಕದಲ್ಲಿ ಅವರ ವಾದವಿದು: 'ನಾನು' ಎಂಬುದು ಒಂಟಿಯಾಗಿ ನಿಲ್ಲುವಂಥದ್ದಲ್ಲ. ಒಬ್ಬ ಮನುಷ್ಯ ಮುರಿದದ್ದನ್ನು, ನಂಬಿ ಕೇಳುವ ಇತರ ಮನುಷ್ಯರ ಎದುರು ಹೇಳಿಕೊಳ್ಳುತ್ತಲೇ ಮತ್ತೆ ಕಟ್ಟಿಕೊಳ್ಳಬೇಕು.

ನನಗೆ ಮುಖ್ಯವೆನಿಸುವುದು ಇದು: ಆದದ್ದಕ್ಕೆ ಅರ್ಥ ಕೊಡುವ ಅಧಿಕಾರ ಅವಳೊಬ್ಬಳದೇ. "ದೇವರು ನನ್ನ ಉಳಿಸಿದ" ಎಂದು ಅವಳು ಅಂದರೆ ಅದು ಅವಳ ಬಲ, ವಾದ ಮಾಡಿ ಕಿತ್ತುಕೊಳ್ಳಬಾರದು. "ಎಲ್ಲಾ ಒಳ್ಳೇದಕ್ಕೇ" ಎಂದು ನಾವು ಅಂದರೆ ಅದು ಇನ್ನೊಂದು ಏಟು. ಕೇಳಿದವರು "ನಿಂದೇನೂ ತಪ್ಪಿಲ್ಲ" ಎಂದು ಹೇಳಿ ಸುಮ್ಮನೆ ಜೊತೆಗೆ ಕೂತರೆ ಸಾಕು.

ಇನ್ನು, ಶುಕ್ರವಾರ ದೇವಸ್ಥಾನದಲ್ಲಿ ದೀಪ ಹಚ್ಚಿದವಳು ಶನಿವಾರ ಫ್ಯಾಕ್ಟರಿಯ ಆಂತರಿಕ ಸಮಿತಿಗೆ ಸೂಪರ್‌ವೈಸರ್ ಮೇಲೆ ದೂರು ಕೊಟ್ಟರೆ ಅವಳ ಭಕ್ತಿಗೇನೂ ಕುಂದಿಲ್ಲ. ಹತ್ತು ಜನ ಕೆಲಸ ಮಾಡುವ ಕಡೆಯೂ ಅಂಥ ಸಮಿತಿ ಇರಲೇಬೇಕೆಂದು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಮಾಡಿದವನು ಉಣ್ಣಬೇಕೆಂದು ಕರ್ಮತತ್ತ್ವವೂ ಹೇಳುತ್ತದೆ.