ಕೂರ್ಮನಿದ್ರೆ

ಸ್ಥಿತಪ್ರಜ್ಞನನ್ನು ವರ್ಣಿಸುವಾಗ ಗೀತಾಚಾರ್ಯನು ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯನ್ನು ದೃಷ್ಟಾಂತವಾಗಿ ಕೊಟ್ಟಿರುವುದು ಸರ್ವವಿದಿತವಾದ ವಿಷಯವು. ಆದರೆ ಮೆಡಿಟರೇನಿಯನ್ ಸಮುದ್ರತೀರದ ನಾಡುಗಳಲ್ಲಿರುವ ನೆಲದಾಮೆಯು ಅಂಗಗಳನ್ನು ಮಾತ್ರವಲ್ಲದೆ ತನ್ನ ಜೀವವ್ಯಾಪಾರವನ್ನೇ ವರ್ಷಕ್ಕೊಮ್ಮೆ ಒಳಗೆಳೆದುಕೊಳ್ಳುವುದೆಂಬುದು ಈ ದೇಶದಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ. ಚಳಿ ಬಲಿಯುತ್ತಲೆ ಅದು ಮಣ್ಣನ್ನು ತೋಡಿ ಹುದುಗಿಕೊಂಡು, ಉಸಿರೂ ಎದೆಬಡಿತವೂ ಉಂಟೋ ಇಲ್ಲವೋ ಎಂಬಷ್ಟು ಮಂದವಾಗಿ, ನಿರಾಹಾರದಿಂದ ತಿಂಗಳುಗಟ್ಟಲೆ ಮಲಗಿದ್ದು, ವಸಂತದಲ್ಲಿ ಏಳುವುದು. ಇದೇ ಶಿಶಿರನಿದ್ರೆ. ಇಂಗ್ಲೆಂಡು ಮೊದಲಾದ ಶೀತದೇಶಗಳಲ್ಲಿ ಈ ಪ್ರಾಣಿಯನ್ನು ಮನೆಯಲ್ಲಿ ಸಾಕುವವರಿಗೆ ಕಾರ್ತಿಕವು ಸಮೀಪಿಸುವಾಗ ಪ್ರತಿವರ್ಷವೂ ಒಂದು ಧರ್ಮಸಂಕಟವೊದಗುವುದು: ಅದನ್ನು ಮಲಗಿಸತಕ್ಕದ್ದೋ, ಬೆಚ್ಚಗಿಟ್ಟು ಎಚ್ಚರದಲ್ಲಿರಿಸತಕ್ಕದ್ದೋ?

ಪ್ರಶ್ನೆಯು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಅಂಥವರು ಫಾಲ್ಗುಣದಲ್ಲಿ ಪೆಟ್ಟಿಗೆಯ ಮುಚ್ಚಳವನ್ನು ಎತ್ತುವವನ ಮನಸ್ಸನ್ನು ಒಂದು ಗಳಿಗೆ ನೆನೆಯಬೇಕು. ಮಲಗಿರುವ ಆಮೆಗೂ ಸತ್ತಿರುವ ಆಮೆಗೂ ನೋಡುವ ಕಣ್ಣಿಗೆ ವ್ಯತ್ಯಾಸವು ಬಹು ಸ್ವಲ್ಪ. ಅಷ್ಟು ತಿಂಗಳು ಅವನು ಕಾದುಕೊಂಡು ಬಂದುದು ಜೀವವನ್ನೋ ಚಿಪ್ಪನ್ನೋ ಎಂಬುದು ಆ ಗಳಿಗೆಯಲ್ಲಿ ತಿಳಿಯತಕ್ಕದ್ದು. ಮನೆಯ ಮಕ್ಕಳು ಪಕ್ಕದಲ್ಲಿ ನಿಂತಿರುವರು.

ಆಮೆಯು ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲೇ ಅದರ ಜಠರಾಗ್ನಿ. ಶೀತದಲ್ಲಿ ಪಚನವು ನಿಂತುಹೋಗುವುದರಿಂದ ಹೊಟ್ಟೆಯಲ್ಲಿ ಉಳಿದ ಆಹಾರವು ಕೊಳೆತು ಪ್ರಾಣಕ್ಕೆ ಮುಳುವಾಗುವುದು. ಆದಕಾರಣ ಮಲಗಿಸುವುದಕ್ಕೆ ಕೆಲವು ವಾರ ಮೊದಲೇ ಉಪವಾಸವಿರಿಸಿ, ನೀರನ್ನು ಮಾತ್ರ ಕೊಡಬೇಕು. ಮಲಗಿದ ಮೇಲೆ ಸುತ್ತಣ ಉಷ್ಣತೆಯು ಸೆಂಟಿಗ್ರೇಡಿನ 5 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರಬೇಕು. 10 ಡಿಗ್ರಿಯನ್ನು ಮೀರಿದರೆ ಅದು ಅರೆನಿದ್ರೆಯಲ್ಲಿ ತನ್ನ ಕೊಬ್ಬನ್ನು ತಾನೇ ಸುಟ್ಟುಕೊಳ್ಳುವುದು. ನೀರು ಹೆಪ್ಪುಗಟ್ಟುವಷ್ಟು ಇಳಿದರೆ ಬದುಕಿದರೂ ಕುರುಡಾಗಬಹುದು. ಈ ನಿಯಮವನ್ನು ಪಾಲಿಸಲೆಂದೇ ಇತ್ತೀಚೆಗೆ ಹಲವರು ರೆಫ್ರಿಜರೇಟರಿನಲ್ಲಿ ಆಮೆಯನ್ನು ಮಲಗಿಸಿ, ಆಗಾಗ ಬಾಗಿಲು ತೆರೆದು ಗಾಳಿಯಾಡಿಸಿ, ತೂಗಿ ನೋಡುತ್ತಾರೆ. ಮೇಲುನೋಟಕ್ಕೆ ನಗೆ ತರಿಸುವ ಈ ಏರ್ಪಾಡು ಹುಲ್ಲು ತುಂಬಿದ ಹಳೆಯ ಪೆಟ್ಟಿಗೆಗಿಂತ ಎಷ್ಟೋ ಮೇಲು.

ನಿದ್ರೆಯೇ ಆಮೆಯ ಸ್ವಧರ್ಮ, ಅದನ್ನು ತಪ್ಪಿಸಲು ಮನುಷ್ಯನಾರು, ಎಂದು ಒಂದು ಪಕ್ಷದವರು ಹೇಳುವರು. ನಿಸರ್ಗದಲ್ಲಿ ಎಷ್ಟೋ ಆಮೆಗಳು ಮಲಗಿದಲ್ಲಿಯೇ ಸಾಯುವುವು, ದೀಪದ ಶಾಖವೂ ಸೊಪ್ಪೂ ಕೈಯಲ್ಲಿರುವಾಗ ಪ್ರೀತಿಸಿದ ಪ್ರಾಣಿಯನ್ನು ಆ ಗಂಡಾಂತರಕ್ಕೆ ಒಡ್ಡುವುದೇಕೆ, ಎಂದು ಇನ್ನೊಂದು ಪಕ್ಷದವರು ಕೇಳುವರು. ಎರಡರಲ್ಲಿಯೂ ಒಂದೇ ದೋಷವಿದೆ. ಕಾಡಿನ ಆಮೆಯು ತಾವನ್ನೂ ಆಳವನ್ನೂ ಗಳಿಗೆಯನ್ನೂ ತಾನೇ ಆರಿಸಿಕೊಳ್ಳುವುದು. ಅಲ್ಲಿ ಸತ್ತರೆ ಕರ್ತೃವಿಲ್ಲ. ಪೆಟ್ಟಿಗೆಯ ನಿದ್ರೆಯೂ ದೀಪದ ಎಚ್ಚರವೂ ಎರಡೂ ಸಾಕುವವನ ಕೃತಿಗಳು. ಮೊದಲನೆಯವನು ತನ್ನ ಕರ್ತೃತ್ವವನ್ನು ಪ್ರಕೃತಿಯ ಹೆಗಲಿಗೂ, ಎರಡನೆಯವನು ಪ್ರೀತಿಯ ಹೆಗಲಿಗೂ ದಾಟಿಸುತ್ತಾನೆ.

ಧರ್ಮಶಾಸ್ತ್ರದಲ್ಲಿ ಸ್ವಾಮಿಪಾಲವಿವಾದವೆಂಬುದೊಂದು ವ್ಯವಹಾರಪದವುಂಟು. ಬೆಳಿಗ್ಗೆ ಒಪ್ಪಿಸಿಕೊಂಡ ದನಗಳನ್ನು ಗೋವಳನು ಸಂಜೆ ಹಾಗೆಯೇ ಒಪ್ಪಿಸಬೇಕು, ಅವನ ಪ್ರಮಾದದಿಂದ ಸತ್ತುದಕ್ಕೆ ಅವನೇ ತೆರಬೇಕು, ಎಂದು ಯಾಜ್ಞವಲ್ಕ್ಯಸ್ಮೃತಿಯ ನಿರ್ಣಯ. ಆಮೆಯನ್ನು ಸಾಕುವವನು ಶರತ್ಕಾಲದಲ್ಲಿ ಒಪ್ಪಿಸಿಕೊಂಡುದನ್ನು ವಸಂತದಲ್ಲಿ ಒಪ್ಪಿಸತಕ್ಕವನು. ಕೇಳುವ ಸ್ವಾಮಿ ಮಾತ್ರ ಬೇರೆಯಿಲ್ಲ. ಸ್ವಾಮಿಯೂ ಅವನೇ, ಪಾಲನೂ ಅವನೇ. ವಾದಿಯಿಲ್ಲದ ವ್ಯಾಜ್ಯವಾದುದರಿಂದಲೇ ಇದು ನ್ಯಾಯಾಸ್ಥಾನವನ್ನು ಬಿಟ್ಟು ಅಂತಃಕರಣಕ್ಕೆ ಬಂದಿರುವುದು.

ಈ ಹೊಣೆಯನ್ನು ಯಾರೂ ಹೊರದಿದ್ದರೆ ಆಗುವುದೇನೆಂಬುದನ್ನು ಇಪ್ಪತ್ತನೆಯ ಶತಮಾನವು ಕಂಡಿತು. ಮೊರಾಕೊ ಮುಂತಾದೆಡೆಗಳಿಂದ ಲಕ್ಷಗಟ್ಟಲೆ ಆಮೆಗಳು ಹಡಗುಗಳಲ್ಲಿ ಇಂಗ್ಲೆಂಡಿಗೆ ಬಂದು ಅಂಗಡಿಗಳಲ್ಲಿ ಅಗ್ಗಕ್ಕೆ ಮಾರಾಟವಾದುವು. ಬಹಳಷ್ಟು ಮೊದಲನೆಯ ಚಳಿಗಾಲವನ್ನೇ ದಾಟಲಿಲ್ಲ. ಆ ವ್ಯಾಪಾರವು 1984 ರಲ್ಲಿ ನಿಷಿದ್ಧವಾಯಿತು. ಕನ್ನಡನಾಡಿನ ಒಣಸೀಮೆಗಳಲ್ಲಿರುವ ನಕ್ಷತ್ರದಾಮೆಯ ಪಾಡು ಇನ್ನೂ ವಿಚಿತ್ರವಾದುದು. ಅದಕ್ಕೆ ಶಿಶಿರನಿದ್ರೆಯೆಂಬುದೇ ಇಲ್ಲ. ಅದನ್ನು ಹಿಡಿದು ಸಾಕುವುದು ಈ ದೇಶದ ಕಾನೂನಿಗೆ ವಿರುದ್ಧ, 2019 ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಿದೆ. ಆದರೂ ಕಳ್ಳಸಾಗಣೆಯಿಂದ ಹೊರದೇಶಗಳಿಗೆ ಹೋಗುತ್ತಲೇ ಇದೆ. ಜಾತಿಯನ್ನರಿಯದೆ ಅದನ್ನು ಕೊಂಡವನೊಬ್ಬನು, ಆಮೆಯೆಂದ ಮೇಲೆ ಮಲಗತಕ್ಕದ್ದೇ ಎಂದು ಶೀತದಲ್ಲಿರಿಸಿದರೆ, ಅದು ನಿದ್ರೆಯಲ್ಲ, ವಧೆ.

ಹಾಗಾದರೆ ಕರ್ತವ್ಯವೇನು? ರೋಗಿಯಾದುದನ್ನೂ, ಬಡಕಲಾದುದನ್ನೂ, ಮಲಗುವ ಜಾತಿಯಲ್ಲದುದನ್ನೂ ಮಲಗಿಸಲೇಬಾರದು, ಇದರಲ್ಲಿ ವಿವಾದವಿಲ್ಲ. ಕಷ್ಟವಿರುವುದು ಆರೋಗ್ಯವಾಗಿ ಪುಷ್ಟವಾಗಿರುವ ಆಮೆಯ ವಿಷಯದಲ್ಲಿ. ದಿನವೆಲ್ಲ ಶಾಖವನ್ನೂ ಪ್ರಖರವಾದ ಬೆಳಕನ್ನೂ ಒದಗಿಸಿ ಅದನ್ನು ಎಚ್ಚರದಲ್ಲಿಡಬಹುದು. ಆದರೆ ಹಾಗೆ ಮಾಡುವವನು ಯಾರ ಭಯವನ್ನು ಶಮನಮಾಡುತ್ತಿದ್ದಾನೆಂದು ತನ್ನನ್ನೇ ಕೇಳಿಕೊಳ್ಳಬೇಕು. ಆಮೆಗೆ ಚಳಿಗಾಲದ ಭಯವಿಲ್ಲ. ಮುಚ್ಚಳವನ್ನು ಎತ್ತುವ ಭಯವು ಅವನದು. ತನ್ನ ನೆಮ್ಮದಿಗಾಗಿ ಇನ್ನೊಂದು ಜೀವದ ಋತುವನ್ನು ಕಿತ್ತುಕೊಳ್ಳುವುದನ್ನು ವಾತ್ಸಲ್ಯವೆಂದು ಕರೆಯುವುದು ಕಷ್ಟ. ಅಂಥದಕ್ಕೆ ನಿದ್ರೆಯನ್ನು ಕೊಡುವುದೇ ಸರಿ. ಕೊಟ್ಟು, ಅದರ ಎಲ್ಲ ತೊಡಕನ್ನೂ ತಾನು ಹೊರುವುದು ಸರಿ. ಬೆಚ್ಚಗಿನ ಅಡಿಗೆಮನೆಯ ಮೂಲೆಯಲ್ಲಿಟ್ಟು, ಅತ್ತ ತಿನ್ನದೆ ಇತ್ತ ಮಲಗದೆ ಸೊರಗುವಂತೆ ಮಾಡುವ ಮಧ್ಯಮಮಾರ್ಗವಂತೂ ಎರಡಕ್ಕಿಂತಲೂ ಹೀನವಾದುದು.

ಆಮೆಯ ಸಾಕಣೆಯಲ್ಲಿ ಪ್ರಸಿದ್ಧನಾದವನು ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್. ಅವನ ಸೋದರತ್ತೆಯ ತೋಟದಲ್ಲಿ ಬಹುಕಾಲವಿದ್ದ ತಿಮೊಥಿ ಎಂಬ ಆಮೆಯು ಆಕೆಯ ಮರಣಾನಂತರ ಅವನ ಪಾಲಿಗೆ ಬಂದಿತು. ಅದನ್ನು ತೂಗಿ, ನಡೆನುಡಿಗಳನ್ನೆಲ್ಲ ಬರೆದಿಟ್ಟು, ಹದಿಮೂರು ವರ್ಷ ಜತೆಗಿದ್ದರೂ ಅದು ಹೆಣ್ಣೆಂಬುದು ಅವನಿಗೆ ಗೊತ್ತಾಗಲಿಲ್ಲ. ಅದು ಸತ್ತ ಮೇಲೆ ತಿಳಿದು ಬಂದಿತು. ಇಷ್ಟು ದೀರ್ಘಾಯುಸ್ಸನ್ನು ಪಡೆದ ಪ್ರಾಣಿಯು ಅದರ ಬಹುಭಾಗವನ್ನು ಜಡವಾಗಿ ಕಳೆಯುವುದು ಅವನಿಗೆ ಆಶ್ಚರ್ಯವಾಗಿದ್ದಿತು. ಆದರೂ ಅವನು ಅದನ್ನು ತೋಟದ ಮಣ್ಣಿನಲ್ಲಿ ತನ್ನಿಚ್ಛೆಯಂತೆ ಮಲಗಲು ಬಿಟ್ಟನು. ಒಂದೇ ಒಂದು ಸಾರಿ, 1780 ರ ಮಾರ್ಚ್ ತಿಂಗಳಲ್ಲಿ, ತನ್ನ ಊರಿಗೆ ಒಯ್ಯುವುದಕ್ಕಾಗಿ ನಿದ್ರೆಯಲ್ಲಿದ್ದುದನ್ನು ಅಗೆದು ತೆಗೆದು, 80 ಮೈಲಿ ಕುದುರೆಗಾಡಿಯಲ್ಲಿ ಸಾಗಿಸಿದನು. ಗಾಡಿಯ ಕುಲುಕಾಟಕ್ಕೆ ಅದು ಎಚ್ಚತ್ತಿತು. ಹೊಸ ತೋಟದಲ್ಲಿ ಇಳಿಯಬಿಟ್ಟಾಗ ಎರಡು ಸಲ ಕೊನೆಯವರೆಗೂ ನಡೆದುಹೋಯಿತು. ಸಂಜೆ ಚಳಿಯಾಗಲು, ಸಡಿಲವಾದ ಮಣ್ಣನ್ನು ತೋಡಿಕೊಂಡು ಮತ್ತೆ ಮರೆಯಾಯಿತು.